ಕೊಡದ ನೀರು, ನಾಲಿಗೆಯ ಕಿಚ್ಚು

2021ರ ಡಿಸೆಂಬರ್ 8ರಂದು ನೀಲಗಿರಿಯ ಕೂನೂರಿನ ಬಳಿ ವಾಯುಪಡೆಯ ಹೆಲಿಕಾಪ್ಟರ್ ಬಿದ್ದು ಉರಿಯಿತು. ಅದರಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಅವರ ಧರ್ಮಪತ್ನಿ ಸೇರಿ 14 ಜನರಿದ್ದರು. ಸದ್ದು ಕೇಳಿ ಓಡಿ ಬಂದವರು ನಂಜಪ್ಪಛತ್ರವೆಂಬ ಸಣ್ಣ ಊರಿನ ಜನ. ಒಳಗಿದ್ದವರು ಯಾರೆಂದು ಅವರು ವಿಚಾರಿಸುತ್ತ ನಿಲ್ಲಲಿಲ್ಲ. ಮನೆಯ ನೀರು ತಂದು ಸುರಿದರು. ಗಾಯಾಳುಗಳನ್ನು ಹೊತ್ತೊಯ್ಯಲು ತಾವು ಹೊದೆಯುವ ಕಂಬಳಿಗಳನ್ನೇ ಕೊಟ್ಟರು, ಅದೂ ಮಾಗಿಯ ಚಳಿಯಲ್ಲಿ! ದಾಸೋಹವೆಂದು ನಾವು ಕರೆಯುವುದು ಇದನ್ನೇ.

ಇತ್ತ ಮೊಬೈಲಿನಲ್ಲಿ ಕೆಲವರು ಸತ್ತವರನ್ನು ಹಂಗಿಸಿ ಬರೆದರು. ನಮ್ಮ ರಾಜ್ಯದಲ್ಲೂ ಅಂಥವರಿದ್ದರು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ಕ್ರಮಕ್ಕೆ ಸೂಚಿಸಬೇಕಾಯಿತು. ಮತ್ತೆ ಕೆಲವರು ಪಿತೂರಿಯ ಕಥೆ ಕಟ್ಟಿದರು. ಹವೆ ಒಮ್ಮೆಲೇ ಬದಲಾಗಿ ಹೆಲಿಕಾಪ್ಟರ್ ಮೋಡ ಹೊಕ್ಕಿತು, ಚಾಲಕರಿಗೆ ದಿಕ್ಕು ತಪ್ಪಿತು ಎಂದು 2022ರ ಜನವರಿಯಲ್ಲಿ ತನಿಖೆ ಹೇಳಿತು. ಕಥೆ ಕಟ್ಟಿದವರು ಅಷ್ಟು ದಿನ ಕಾಯಲಿಲ್ಲ.

ಬದುಕುಳಿದಿದ್ದ ಒಬ್ಬರೇ ಒಬ್ಬರು, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್, ಡಿಸೆಂಬರ್ 15ರಂದು ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರು. ನಮ್ಮ ಬೇಡಕಿಹಾಳ ಸೀಮೆಯಲ್ಲೂ ಮಕ್ಕಳನ್ನು ಸೈನ್ಯಕ್ಕೆ ಕಳುಹಿಸಿದ ತಾಯಂದಿರಿದ್ದಾರೆ. ಮೊಬೈಲಿನ ಆ ಮಾತು ಅವರ ಕಿವಿಗೆ ಬಿದ್ದಿದ್ದರೆ? ಸೇನೆ ಮಾತ್ರ ಋಣ ಮರೆಯಲಿಲ್ಲ. ನಂಜಪ್ಪಛತ್ರವನ್ನು ಒಂದು ವರ್ಷಕ್ಕೆ ದತ್ತು ಪಡೆದು, ಆ ಮನೆಗಳಿಗೆ ಹೊಸ ಕಂಬಳಿ ಕೊಟ್ಟಿತು.