ಫೋನ್ ಬದಲಿಸು ಅನ್ಬೇಡಿ, ಆಪ್ ಸರಿ ಮಾಡಿ

1/5
ಮೊನ್ನೆ ಕ್ಲಾಸಲ್ಲಿ ಅಟೆಂಡೆನ್ಸ್‌ಗೆ ಅಂತ ಕ್ಯೂಆರ್ ಕೋಡ್ ಹಾಕಿದ್ರು. ಇದ್ದಿದ್ದು ಅರ್ಧ ನಿಮಿಷ. ನನ್ನ ಪಕ್ಕದಲ್ಲಿ ಕೂತಿದ್ದವಳದ್ದು 2 ಜಿಬಿ ರ‍್ಯಾಮ್ ಫೋನ್. ಆಪ್ ಒತ್ತಿದಳು. ಬಿಳಿ ಸ್ಕ್ರೀನ್, ಲೋಗೋ, ಮತ್ತೆ ಬಿಳಿ ಸ್ಕ್ರೀನ್. ಕ್ಯಾಮೆರಾ ತೆರೆಯೋಷ್ಟರಲ್ಲಿ ಕೋಡ್ ಹೋಗಿತ್ತು. ಫಸ್ಟ್ ಬೆಂಚಲ್ಲಿ ಕೂತೂ ಆಬ್ಸೆಂಟ್! ಕೇಳಿದ್ರೆ, "ಒಳ್ಳೆ ಫೋನ್ ತಗೊಳಮ್ಮ" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದಕ್ಕೇ ಈ ಪೋಸ್ಟ್.

2/5
ತಪ್ಪು ಫೋನಿಂದು ಮಾತ್ರ ಅಲ್ಲ. ಎಷ್ಟೋ ಆಪ್‌ಗಳನ್ನ ರಿಯಾಕ್ಟ್ ನೇಟಿವ್ ಬಳಸಿ ಜಾವಾಸ್ಕ್ರಿಪ್ಟ್‌ನಲ್ಲಿ ಬರೀತಾರೆ. ಆ ಕೋಡ್ ಓಡಿಸೋಕೆ ಆಪ್ ಒಳಗೇ ಒಂದು ಎಂಜಿನ್ ಇರುತ್ತೆ. ಹಳೇ ರೀತಿಯಲ್ಲಿ, ನೀವು ಆಪ್ ಒತ್ತಿದ ಮೇಲೆ ಎಂಜಿನ್ ಕೋಡ್ ಓದಿ, ಬಿಡಿಸಿ, ತನಗೆ ಬೇಕಾದ ರೂಪಕ್ಕೆ ತಂದು, ಆಮೇಲೆ ಓಡಿಸುತ್ತೆ. ದೋಸೆ ಆರ್ಡರ್ ಆದ ಮೇಲೆ ಅಕ್ಕಿ ನೆನೆಹಾಕಿದ ಹಾಗೆ!

2019ರಲ್ಲಿ ಫೇಸ್‌ಬುಕ್ ಹರ್ಮಿಸ್ ಅನ್ನೋ ಎಂಜಿನ್ ಬಿಡುಗಡೆ ಮಾಡ್ತು. ಇದರಲ್ಲಿ ಆಪ್ ತಯಾರಾಗುವಾಗಲೇ, ಡೆವಲಪರ್ ಕಡೆಯೇ, ಕೋಡ್ ಬೈಟ್‌ಕೋಡ್ ಆಗಿರುತ್ತೆ. ಹಿಟ್ಟು ರೆಡಿ, ಫೋನ್ ದೋಸೆ ಹುಯ್ದರೆ ಸಾಕು. 2022ರ 0.70 ಆವೃತ್ತಿಯಿಂದ ರಿಯಾಕ್ಟ್ ನೇಟಿವ್‌ನಲ್ಲಿ ಇದೇ ಡಿಫಾಲ್ಟ್.

3/5
ಮೆಮೊರಿ ಕಥೆನೂ ಹಾಗೇ. ಹರ್ಮಿಸ್ ಇಡೀ ಬೈಟ್‌ಕೋಡ್ ಫೈಲನ್ನ ಒಂದೇ ಸಲ ರ‍್ಯಾಮ್‌ಗೆ ತುಂಬಲ್ಲ. ಬೇಕಾದ ಪುಟ ಬೇಕಾದಾಗ ಓದುತ್ತೆ. ಆಂಡ್ರಾಯ್ಡ್ ಒಳಗೂ ಜೈಗೋಟ್ ಅಂತ ಒಂದು ಪ್ರೊಸೆಸ್ ಇದೆ. ಎಲ್ಲಾ ಆಪ್‌ಗೂ ಬೇಕಾಗೋದನ್ನ ಫೋನ್ ಆನ್ ಆದಾಗಲೇ ಲೋಡ್ ಮಾಡಿಟ್ಟಿರುತ್ತೆ. ಪ್ರತಿ ಆಪ್ ಅದರಿಂದಲೇ ಕವಲೊಡೆಯುತ್ತೆ, ಬದಲಾಗದ ಭಾಗವನ್ನ ಎಲ್ಲವೂ ಹಂಚ್ಕೊಳ್ಳುತ್ವೆ. ಕಮ್ಮಿ ರ‍್ಯಾಮ್ ಫೋನಿನ ಬಗ್ಗೆ ಯೋಚಿಸಿದವರು ಇದ್ದಾರೆ ಅಂತಾಯ್ತು. ಯೋಚಿಸದೇ ಇರೋದು ಆಪ್ ಮಾಡೋರ ಆಯ್ಕೆ.

4/5
"ಡೆವಲಪರ್ ಟೈಮ್ ದುಬಾರಿ, ಹಾರ್ಡ್‌ವೇರ್ ಅಗ್ಗ" ಅಂತಾರೆ. ಯಾರಿಗೆ ಅಗ್ಗ? ನಾವು ಬಿಕಾಂನವರು, ಲೆಕ್ಕ ಹಾಕೋಣ. 1,000 ಜನ, ದಿನಕ್ಕೆ 2 ಸಲ, ಪ್ರತಿ ಸಲ 10 ಸೆಕೆಂಡ್ ವೇಸ್ಟ್ ಅಂದ್ರೆ 20,000 ಸೆಕೆಂಡ್. ದಿನಕ್ಕೆ ಐದೂವರೆ ಗಂಟೆ! ಖರ್ಚು ಉಳಿದಿಲ್ಲ ಗುರು, ಅವರ ಪುಸ್ತಕದಿಂದ ನಮ್ಮ ಪುಸ್ತಕಕ್ಕೆ ಬಂದಿದೆ ಅಷ್ಟೇ.

ಹರ್ಮಿಸ್‌ಗೂ ಮಿತಿ ಇದೆ. ಓಡ್ತಾ ಓಡ್ತಾ ಕೋಡನ್ನ ಇನ್ನೂ ವೇಗ ಮಾಡೋ ಜಿಟ್ ಅದರಲ್ಲಿ ಬಿಟ್ಟಿದ್ದಾರೆ, ಹಾಗಾಗಿ ಭಾರೀ ಲೆಕ್ಕಾಚಾರದಲ್ಲಿ ಹಿಂದೆ ಬೀಳಬಹುದು. ಆದ್ರೆ ಅಟೆಂಡೆನ್ಸ್ ಆಪ್ ಏನು ರಾಕೆಟ್ ಹಾರಿಸುತ್ತಾ? ಇನ್ನು, ತೆರೆದ ತಕ್ಷಣ ಬ್ಯಾನರ್, ನೋಟಿಸ್, ಗ್ಯಾಲರಿ ಎಲ್ಲಾ ಒಟ್ಟಿಗೆ ಲೋಡ್ ಮಾಡಿದ್ರೆ ಯಾವ ಎಂಜಿನ್ನೂ ಕಾಪಾಡಲ್ಲ.

5/5
ಗೂಗಲ್‌ನ ಆಂಡ್ರಾಯ್ಡ್ ವೈಟಲ್ಸ್ ಪ್ರಕಾರವೇ, ಮುಚ್ಚಿದ್ದ ಆಪ್ ಹೊಸದಾಗಿ ತೆರೆಯೋಕೆ 5 ಸೆಕೆಂಡ್ ಅಥವಾ ಹೆಚ್ಚು ತಗೊಂಡ್ರೆ ಅದು ಅತಿ. ನಾವು ಕೇಳಬೇಕಾದ್ದು ಇಷ್ಟೇ: ಕಾಲೇಜು ಆಪ್ ಕೊಳ್ಳೋ ಮೊದಲು ಕ್ಲಾಸಿನ ಅತಿ ಕಮ್ಮಿ ಬೆಲೆಯ ಫೋನಲ್ಲಿ ತೆರೆದು ನೋಡಲಿ. ಅಲ್ಲಿವರೆಗೆ ಕೋಡ್ ಎರಡು ನಿಮಿಷ ಇರಲಿ.

ನೀವೂ ನಿಮ್ಮ ಫೋನಲ್ಲಿ ಎಷ್ಟು ಸೆಕೆಂಡ್ ಆಗುತ್ತೆ ನೋಡಿ, ರ‍್ಯಾಮ್ ಜೊತೆ ಕಾಮೆಂಟ್ ಹಾಕಿ. ಪಟ್ಟಿ ಮಾಡಿ ಆಫೀಸಿಗೆ ಕೊಡೋಣ. ಮುಂದಿನ ಸಲ ಯಾರದ್ದಾದ್ರೂ ಆಪ್ ತೆರೀದೆ ಇದ್ರೆ ನಗಬೇಡಿ. ನಾನಂತೂ ನಗಲ್ಲ.

#ಆಪ್_ಸರಿಮಾಡಿ #ಬಿಕಾಂ_ಲೆಕ್ಕ