ಡೀಸೆಲ್ ಹಾಕಿಸಿದರೆ ಉಳಿತಾಯವೇ?



ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಸೀಟು ಸಿಕ್ಕರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಚನ್ನಗಿರಿ ಕಡೆ ಅಂಗಳದಲ್ಲಿ ಹರವಿದ ಅಡಿಕೆ, ಹೊನ್ನಾಳಿಯಲ್ಲಿ ತುಂಗಭದ್ರೆ, ನ್ಯಾಮತಿ ಕಡೆ ಮೆಕ್ಕೆಜೋಳ, ಜಗಳೂರು ಸೀಮೆಗೆ ಹೋದರೆ ಬರೀ ಬಯಲು. ನಡುವೆ ಎಲ್ಲೋ ಹುಣಸೆಮರದ ಕೆಳಗೆ ಚಕ್ರ ಕಳಚಿದ ಒಂದು ಅಂಬಾಸಡರ್ ಕಾರು, ಅದರೊಳಗೆ ಕೋಳಿಗಳ ಸಂಸಾರ! ನೀವೂ ನೋಡಿರುತ್ತೀರಿ.

ನಾವು ಚಿಕ್ಕವರಿದ್ದಾಗ ಇಂಥ ಕಾರು ಇದ್ದವರು "ಡೀಸೆಲ್ ಹಾಕಿಸಿದ್ದೀವಿ" ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಅಂದರೆ ಪೆಟ್ರೋಲ್ ಎಂಜಿನ್ ಇಳಿಸಿ, ಆ ಜಾಗದಲ್ಲಿ ಡೀಸೆಲ್ ಎಂಜಿನ್ ಕೂರಿಸುವುದು. 1980ರ ಸುಮಾರಿಗೆ ಕಂಪನಿಯೇ ಡೀಸೆಲ್ ಅಂಬಾಸಡರ್ ತಂದಿತು. ಪೆಟ್ರೋಲ್ ಕಾರು ಇದ್ದವರಿಗೆ ಮಾತ್ರ ಗ್ಯಾರೇಜೇ ಗತಿ. ಡೀಸೆಲ್ ಬೆಲೆಯೂ ಕಡಿಮೆ, ಲೀಟರಿಗೆ ಓಡುವ ದೂರವೂ ಹೆಚ್ಚು. ಆಸೆ ಯಾರಿಗಿರುವುದಿಲ್ಲ ಹೇಳಿ?

ಪೆಟ್ರೋಲಿಗೆ ಹೊತ್ತಿಕೊಳ್ಳಲು ಕಿಡಿ ಬೇಕು, ಡೀಸೆಲಿಗೆ ಬೇಡ. ಸೈಕಲ್ ಪಂಪು ಹೊಡೆದಾಗ ತುದಿ ಬಿಸಿಯಾಗುತ್ತದಲ್ಲ, ಹಾಗೆಯೇ ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ಕಾಯಿಸುತ್ತಾರೆ. ಆ ಬಿಸಿ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅಷ್ಟು ಒತ್ತಡ ತಡೆಯಲು ಗಟ್ಟಿ ಕಬ್ಬಿಣ ಬೇಕು, ಹಾಗಾಗಿ ಎಂಜಿನ್ ಭಾರ. ಗಡಗಡ ಸದ್ದು, ಮೈಯೆಲ್ಲ ನಡುಕ ಬೇರೆ!

ಉಳಿತಾಯ ಆಯಿತೇ? ಲೆಕ್ಕ ಹಾಕೋಣ. ಹಾಕಿಸಲು 30,000 ರೂಪಾಯಿ, ಕಿಲೋಮೀಟರಿಗೆ ಉಳಿಯುವುದು 1 ರೂಪಾಯಿ ಎಂದುಕೊಳ್ಳಿ. ದಿನಕ್ಕೆ 100 ಕಿಲೋಮೀಟರ್ ಓಡುವ ಬಾಡಿಗೆ ಕಾರಿಗೆ 300 ದಿನದಲ್ಲಿ ಹಣ ವಾಪಸ್. ತಿಂಗಳಿಗೆ 250 ಕಿಲೋಮೀಟರ್ ಓಡುವ ಮನೆ ಕಾರಿಗೋ, ಪೂರಾ 10 ವರ್ಷ!

ನಮ್ಮ ದೊಡ್ಡಮ್ಮ ಎರಡೆಳೆ ಸರ ಅಡವಿಟ್ಟು ಎಂಜಿನ್ನಿಗೆ ಹಣ ಕೊಟ್ಟಿದ್ದರು. ಕಾರು ಓಡಿದ್ದು ಮದುವೆ, ಜಾತ್ರೆಗಷ್ಟೇ. ಸರ ಬಿಡಿಸಿಕೊಳ್ಳಲು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಕಟ್ಟಿದ ಬಡ್ಡಿಯನ್ನು ಯಾರೂ ಎಂಜಿನ್ನಿನ ಲೆಕ್ಕಕ್ಕೆ ಸೇರಿಸಲಿಲ್ಲ ನೋಡಿ. ಆ ಬರಿ ಕೊರಳು ನನಗೆ ಇನ್ನೂ ನೆನಪಿದೆ.

2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಮೊದಲಿನಷ್ಟು ಅಗ್ಗ ಈಗಿಲ್ಲ. ಅಂಬಾಸಡರ್ ತಯಾರಿಕೆಯೂ ಅದೇ ವರ್ಷ ನಿಂತಿತು. ಆದರೆ ಆಸೆ ನಿಂತಿಲ್ಲ. ಈಗ ಸಿಎನ್‌ಜಿ ಕಿಟ್, ಬ್ಯಾಟರಿ ಅಂತ ಹೊಸ ಮಾತು ಬಂದಿದೆ. ಬೇಡ ಅನ್ನುವುದಿಲ್ಲ. ಹೆಚ್ಚು ಓಡುವ ಗಾಡಿಗೆ ಒಳ್ಳೆಯದೇ. ಆದರೆ ಒಂದು ಮಾತು: ಇಂಧನ ಬದಲಿಸುವುದಾದರೆ ಆರ್‌ಟಿಒ ಕಚೇರಿಯ ಅನುಮತಿ ಬೇಕು, ಆರ್‌ಸಿಯಲ್ಲಿ ಬದಲಾವಣೆ ಬರೆಸಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ಪರಿಹಾರಕ್ಕೇ ತೊಡಕು ಬಂದೀತು.

ಮನೆಯಲ್ಲಿ ಯಾರಾದರೂ "ಉಳಿತಾಯ ಆಗುತ್ತೆ ಕಣೇ" ಅಂದರೆ ಜಗಳ ಬೇಡ. ಹಾಲಿನ ಲೆಕ್ಕದ ಪುಸ್ತಕ ತೆಗೆದು ಮೂರೇ ಸಾಲು ಬರೆಯಿರಿ: ಬಡ್ಡಿ ಸೇರಿ ಖರ್ಚೆಷ್ಟು, ಕಿಲೋಮೀಟರಿಗೆ ಉಳಿಯುವುದೆಷ್ಟು, ತಿಂಗಳಿಗೆ ಓಡಾಟವೆಷ್ಟು. ಭಾಗಾಕಾರ ಮಾಡಿ ಅವರ ಮುಂದಿಡಿ. ಕೊರಳಿನ ಸರ ಬಿಚ್ಚುವ ಮಾತು ಆಮೇಲೆ. ಏನಂತೀರಿ?