ಶಿಬಿರದ ಜಳಕ: ಶವರ್‌ಗಿಂತ ಮೊದಲು ಹಂಡೆಯ ಲೆಕ್ಕ

ಎನ್‌ಎಸ್‌ಎಸ್ ಶಿಬಿರದ ಪಟ್ಟಿಗೆ ಹೆಸರು ಕೊಡುವ ಹೊತ್ತಿಗೆ ಹುಡುಗರು ಕೇಳುವುದು ‘ಊಟ ಹೆಂಗ?’ ಅಂತ. ಹುಡುಗಿಯರ ಮನೆಯಲ್ಲಿ ಅವ್ವಂದಿರು ಕೇಳುವುದು ‘ಜಳಕ ಎಲ್ಲಿ?’ ಅಂತ. ಈ ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಶಿಬಿರ ತಪ್ಪಿಸಿಕೊಂಡ ಗೆಳತಿಯರು ನಿಮ್ಮ ತರಗತಿಯಲ್ಲೂ ಇರಬಹುದು. ಏಳು ದಿನದ ಶಿಬಿರದಲ್ಲಿ ಮೂರು ದಿನ ಬರೀ ಮುಖ ತೊಳೆದುಕೊಂಡೇ ಕಳೆದವರೂ ಇದ್ದಾರೆ. ನಾವು ಅದನ್ನು ನಗೆಯ ಮಾತಾಗಿ ಹೇಳಿ ಮುಗಿಸುತ್ತೇವೆ. ಆದರೆ ಯಾರು ಶಿಬಿರಕ್ಕೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ಎಷ್ಟೋ ಸಲ ಬಚ್ಚಲೇ ತೀರ್ಮಾನಿಸುತ್ತದೆ.

ಈಗ ಮೊಬೈಲ್ ತೆರೆದರೆ ಸಾಕು, ‘ಪೋರ್ಟಬಲ್ ಹಾಟ್ ಶವರ್’ ಎಂಬ ಜಾಹೀರಾತು ಎದುರಾಗುತ್ತದೆ. ಬ್ಯಾಟರಿಯದ್ದು, ಗ್ಯಾಸಿನದ್ದು, ಬಿಸಿಲಿನದ್ದು, ಹೀಗೆ ತರಹೇವಾರಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹುಡುಗರು ಯಾಣ, ಕೊಡಚಾದ್ರಿ ಎಂದು ವಾರಾಂತ್ಯಕ್ಕೆ ಟೆಂಟು ಕಟ್ಟಿಕೊಂಡು ಹೊರಡುವುದು ಹೆಚ್ಚಿದಂತೆ, ಚಂದಾ ಎತ್ತಿ ಇಂಥದ್ದೊಂದನ್ನು ಕೊಳ್ಳೋಣವೇ ಎಂಬ ಚರ್ಚೆಯೂ ಶುರುವಾಗಿದೆ. ಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ದುಡ್ಡು ಕೊಡುವ ಮೊದಲು ಒಂದು ಹಾಳೆ, ಒಂದು ಪೆನ್ನು ಹಿಡಿದು ಕುಳಿತುಕೊಳ್ಳಿ. ಪಿಯುಸಿಯಲ್ಲಿ ಓದಿ ಮರೆತ ಭೌತಶಾಸ್ತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಒಬ್ಬರ ಜಳಕಕ್ಕೆ 15 ಲೀಟರ್ ನೀರು, ಅಂದರೆ ಒಂದು ಬಕೆಟ್. ಬೆಳಗಿನ ನೀರು 20 ಡಿಗ್ರಿ ಇದೆ, ನಮಗೆ ಬೇಕಾದದ್ದು 40 ಡಿಗ್ರಿ ಎಂದಿಟ್ಟುಕೊಳ್ಳಿ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4.2 ಕಿಲೋಜೌಲ್ ಬೇಕು. ಗುಣಿಸಿದರೆ ಒಂದು ಬಕೆಟ್ಟಿಗೆ ಸುಮಾರು 0.35 ಯೂನಿಟ್ ವಿದ್ಯುತ್ತು. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಇರುವುದು ಸುಮಾರು 0.074 ಯೂನಿಟ್. ಅಂದರೆ ಒಬ್ಬರ ಒಂದು ಬಕೆಟ್ ನೀರು ಕಾಯಿಸಲು ಹೆಚ್ಚುಕಡಿಮೆ ಐದು ಪವರ್ ಬ್ಯಾಂಕ್ ಖಾಲಿಯಾಗಬೇಕು! ಹೀಗಾಗಿ ಯುಎಸ್‌ಬಿ ಚಾರ್ಜಿನ ಸಣ್ಣ ಶವರ್‌ಗಳು ನೀರನ್ನು ಮೇಲೆತ್ತಿ ಸುರಿಯುತ್ತವೆಯೇ ಹೊರತು ಕಾಯಿಸುವುದಿಲ್ಲ. ಬಿಸಿನೀರನ್ನು ನಾವೇ ಬಕೆಟ್ಟಿಗೆ ಹಾಕಿಕೊಡಬೇಕು. ನೀರು ಕಾಯಿಸಿದ ಮೇಲೆ ಸುರಿದುಕೊಳ್ಳಲು ಚರಿಗೆ ಇದ್ದೇ ಇದೆ.

ಬಿಸಿಲಿನ ಕಪ್ಪು ಚೀಲದ ಲೆಕ್ಕ ಬೇರೆ. ಇದಕ್ಕೆ ಕರೆಂಟೂ ಬೇಡ, ಬೆಂಕಿಯೂ ಬೇಡ. 20 ಲೀಟರಿನ ಚೀಲ ಒಳ್ಳೆಯ ಬಿಸಿಲಿನಲ್ಲಿ ನಾಲ್ಕೈದು ತಾಸು ಬಿದ್ದಿದ್ದರೆ ಜಳಕಕ್ಕೆ ಹದವಾಗಿ ಕಾಯುತ್ತದೆ. ಆದರೆ ಅದು ಸಂಜೆಯ ಜಳಕಕ್ಕೆ ಸರಿ, ನಸುಕಿನ ಜಳಕಕ್ಕಲ್ಲ. ಮಲೆನಾಡಿನ ಮರದ ನೆರಳಿನಲ್ಲಿ, ಮಳೆಗಾಲದಲ್ಲಿ ಅದು ಬರೀ ಭಾರದ ಚೀಲ.

ಗ್ಯಾಸಿನ ಪೋರ್ಟಬಲ್ ಗೀಸರ್ ನಿಜವಾಗಿಯೂ ನೀರು ಕಾಯಿಸುತ್ತದೆ. ನಿಮಿಷಕ್ಕೆ ಐದು ಲೀಟರ್ ಕೊಡುವಂಥದ್ದಾದರೆ ಮೂರು ನಿಮಿಷಕ್ಕೆ ಒಂದು ಬಕೆಟ್. ನಾಲ್ಕು ಜನರ ತಂಡಕ್ಕೆ, ಬಯಲಿನಲ್ಲಿ, ಅದು ಒಳ್ಳೆಯ ಸಾಧನವೇ. ಅಪಾಯ ಇರುವುದು ಅದನ್ನು ಬಾಗಿಲು ಮುಚ್ಚಿದ ಬಚ್ಚಲಿಗೋ ಟೆಂಟಿನ ಒಳಗೋ ಒಯ್ದಾಗ. ಗಾಳಿ ಸಾಲದೆ ಉರಿಯುವ ಗ್ಯಾಸು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗಿ, ಮಂಪರು ಕವಿದು, ಚಿಲಕ ತೆಗೆಯುವಷ್ಟರಲ್ಲಿ ಕೈಕಾಲು ಸೋತಿರುತ್ತವೆ. ಗ್ಯಾಸ್ ಗೀಸರ್ ಇಟ್ಟ ಬಚ್ಚಲಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಚಳಿ ಎಂದು ಟೆಂಟಿನ ಜಿಪ್ ಎಳೆದು ಒಳಗೆ ಗ್ಯಾಸು ಹಚ್ಚುವುದೂ ಅಷ್ಟೇ ಅಪಾಯ.

ಇನ್ನುಳಿದದ್ದು ನಮ್ಮೆಲ್ಲರ ರೂಮುಗಳಲ್ಲೂ ಮೊಳೆಗೆ ನೇತಾಡುವ ವಾಟರ್ ಹೀಟರ್ ರಾಡ್. ಅಗ್ಗ, ಹಗುರ, ಬ್ಯಾಗಿನಲ್ಲಿ ಹಿಡಿಯುತ್ತದೆ. ಶಿಬಿರಗಳಿಗೂ ಇದೇ ಹೋಗುತ್ತದೆ. 1,500 ವ್ಯಾಟಿನ ರಾಡ್ ಒಂದು ಬಕೆಟ್ ಕಾಯಿಸಲು ಸುಮಾರು 14 ನಿಮಿಷ ತೆಗೆದುಕೊಳ್ಳುತ್ತದೆ. 50 ಜನರಿಗೆ ಹನ್ನೊಂದೂವರೆ ತಾಸು ಆಯಿತು! ಇಷ್ಟು ಹೊತ್ತು ಯಾರು ಕಾಯುತ್ತಾರೆ? ಹಾಗಾಗಿ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡು, ಮೂರು ರಾಡು ಬೀಳುತ್ತವೆ. ಒಂದೊಂದೂ ಆರೂವರೆ ಆಂಪಿಯರ್ ಎಳೆಯುತ್ತದೆ, ವೈರು ಕಾಯುತ್ತದೆ. ಹಳ್ಳಿಯ ಹಳೆಯ ಕಟ್ಟಡದಲ್ಲಿ ಅರ್ಥಿಂಗ್ ಇದೆಯೋ ಇಲ್ಲವೋ ನೋಡಿದವರಿಲ್ಲ. ನೆಲ ಒದ್ದೆ, ಕಾಲು ಬರಿಗಾಲು, ‘ಕಾದಾವೇನು ನೋಡೋಣ’ ಎಂದು ಸ್ವಿಚ್ ಆರಿಸದೆ ಬಕೆಟ್ಟಿಗೆ ಬೆರಳು ಅದ್ದುವ ಅಭ್ಯಾಸ ಬೇರೆ. ಜೀವ ಹೋಗಲು ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ಈ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಒಂದೇ ನಿಯಮ. ಬೆಂಕಿ, ಗ್ಯಾಸು, ಕರೆಂಟು ಇವು ಯಾವುವೂ ಒದ್ದೆ ಮೈಯವರು ಇರುವ ಜಾಗದಲ್ಲಿ ಇರಬಾರದು. ನೀರು ಕಾಯುವ ಜಾಗ ಬೇರೆ, ಜಳಕದ ಜಾಗ ಬೇರೆ. ನಡುವೆ ಓಡಾಡಬೇಕಾದದ್ದು ಬಕೆಟ್ ಮಾತ್ರ. ನಮ್ಮ ಕಡೆಯ ಕೆಲವು ಹಳೇ ಮನೆಗಳಲ್ಲಿ ಹಂಡೆ ಬಚ್ಚಲೊಳಗಿದ್ದರೂ ಒಲೆಯ ಬಾಯಿ ಗೋಡೆಯ ಆಚೆ ಇರುತ್ತಿತ್ತು. ಹತ್ತಿಕಟ್ಟಿಗೆ, ಗೋವಿನಜೋಳದ ಬೆಂಡು ಹೊರಗಿನಿಂದಲೇ ಹಾಕಬೇಕು, ಹೊಗೆಯೂ ಹೊರಗೆ. ಗೀಸರ್ ಕಂಪನಿಯ ಎಂಜಿನಿಯರ್ ಹೇಳುವ ಸುರಕ್ಷತೆಯ ಪಾಠ ಆ ಗೋಡೆಯಲ್ಲೇ ಇತ್ತು.

ಹಾಗಾದರೆ ಶಿಬಿರಕ್ಕೆ ಏನು? ನನ್ನ ಮತ ಹಂಡೆಗೆ. ಹಳೆಯದರ ಮೇಲಿನ ಮೋಹದಿಂದ ಹೇಳುತ್ತಿಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. 80 ಡಿಗ್ರಿಗೆ ಕಾದ ಐದು ಲೀಟರಿಗೆ 20 ಡಿಗ್ರಿಯ ಹತ್ತು ಲೀಟರ್ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಒಂದು ಬಕೆಟ್ ಸಿದ್ಧ. ಅಂದರೆ 50 ಲೀಟರಿನ ಒಂದು ಹಂಡೆ ಹತ್ತು ಜನರಿಗೆ ಸಾಕು. ಎರಡು ಹಂಡೆ ಇಟ್ಟು, ಮೊದಲನೆಯದು ಖಾಲಿಯಾಗುವಷ್ಟರಲ್ಲಿ ಎರಡನೆಯದು ಕಾದಿರುವಂತೆ ನೋಡಿಕೊಂಡರೆ ಸರದಿ ನಿಲ್ಲುವುದಿಲ್ಲ. ಅಡುಗೆಯವರ ದೊಡ್ಡ ಗ್ಯಾಸ್ ಒಲೆಯ ಮೇಲೆ ಕಾಯಿಸುವುದಾದರೆ, ಉರಿಯ ಅರ್ಧ ಶಾಖ ನೀರಿಗೆ ಸೇರುತ್ತದೆ ಎಂದು ಹಿಡಿದರೂ, 50 ಜನರಿಗೆ ದಿನಕ್ಕೆ ಮೂರು ಕಿಲೋಕ್ಕಿಂತ ಕಡಿಮೆ ಗ್ಯಾಸು ಸಾಕು. 14.2 ಕಿಲೋ ಸಿಲಿಂಡರ್ ಐದು ದಿನ ಬರುತ್ತದೆ. ಬಜೆಟ್ಟಿನಲ್ಲಿ ಬರೆದುಕೊಳ್ಳಬಹುದಾದ ಲೆಕ್ಕ ಇದು. ಕುದಿನೀರು ತುಂಬಿಕೊಡುವ ಕೆಲಸಕ್ಕೆ ಮಾತ್ರ ದಿನಕ್ಕಿಬ್ಬರನ್ನು ನೇಮಿಸಬೇಕು. ಎಲ್ಲರೂ ಹಂಡೆಗೆ ಕೈ ಹಾಕುವಂತಿರಬಾರದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿದರೆ ಸುಟ್ಟುಕೊಳ್ಳುವುದು ತಪ್ಪುತ್ತದೆ.

ಇನ್ನೂ ಒಂದು ದಾರಿ ನಮ್ಮ ಹೊಲದಲ್ಲೇ ಬಿದ್ದಿದೆ. ಬ್ಯಾಡಗಿ ಕಡೆ ಮೆಣಸಿನಕಾಯಿ ಹೊಲಕ್ಕೆ ನೀರು ಬಿಡುವ ಯಾರನ್ನಾದರೂ ಕೇಳಿ. ಮಧ್ಯಾಹ್ನ ಕಪ್ಪು ಪೈಪಿನಿಂದ ಬರುವ ಮೊದಲ ನೀರಿಗೆ ಕೈ ಒಡ್ಡಿದರೆ ಚುರ್ರೆನ್ನುತ್ತದೆ. ಒಳಗೆ 25 ಮಿಲಿಮೀಟರ್ ಅಗಲವಿರುವ 100 ಮೀಟರ್ ಪೈಪಿನಲ್ಲಿ ಸುಮಾರು 49 ಲೀಟರ್ ನೀರು ಹಿಡಿಯುತ್ತದೆ. ಸುರುಳಿ ಬಿಚ್ಚಿ ಶಾಲೆಯ ಛಾವಣಿಯ ಮೇಲೆ ಹರಡಿದರೆ ಪುಕ್ಕಟೆ ಬಿಸಿನೀರು. ಅಷ್ಟಕ್ಕೂ ಶಿಬಿರದಲ್ಲಿ ಬೆಳಿಗ್ಗೆ ಆರಕ್ಕೇ ಜಳಕ ಆಗಲೇಬೇಕು ಎಂದು ಹಟ ಯಾಕೆ? ಬೆಳಿಗ್ಗೆ ಶ್ರಮದಾನ, ಮಣ್ಣು ಕೆಲಸ. ಮೈಯೆಲ್ಲ ಧೂಳಾಗುವುದು ಆಮೇಲೆ. ಮಧ್ಯಾಹ್ನ ಊಟಕ್ಕೆ ಮೊದಲು ಜಳಕ ಇಟ್ಟರೆ ಅರ್ಧ ನೀರನ್ನು ಸೂರ್ಯನೇ ಕಾಯಿಸಿಕೊಡುತ್ತಾನೆ. ವೇಳಾಪಟ್ಟಿಯಲ್ಲಿ ಒಂದು ಸಾಲು ಬದಲಾದರೆ ಸಾಕು.

ಆದರೆ ನೀರು ಕಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಿಸಿನೀರಿನ ಬಕೆಟ್ ಹಿಡಿದು ಹುಡುಗಿ ಎಲ್ಲಿಗೆ ಹೋಗಬೇಕು? ನಾಲ್ಕು ಗಳ, ಗಟ್ಟಿಯಾದ ಗಾಢ ಬಣ್ಣದ ತಾಡಪತ್ರಿ, ಕಾಲಿಗೆ ಕೆಸರಾಗದಂತೆ ಕಲ್ಲು, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಅಥವಾ ಗಟ್ಟಿ ಹಗ್ಗ, ಬಟ್ಟೆ ತೂಗುಹಾಕಲು ಒಂದು ಮೊಳೆ. ಕತ್ತಲಾದ ಮೇಲೆ ಒಳಗೆ ದೀಪ ಇಟ್ಟರೆ ನೆರಳು ತಾಡಪತ್ರಿಯ ಮೇಲೆ ಮೂಡುತ್ತದೆ. ದೀಪ ಹೊರಗೆ, ಎತ್ತರದಲ್ಲಿ ಇರಬೇಕು. ಮುಟ್ಟಿನ ದಿನಗಳಲ್ಲಿ ಬಿಸಿನೀರು, ಮರೆ, ಕಸ ಹಾಕಲು ಮುಚ್ಚಳವಿರುವ ಬುಟ್ಟಿ ಇವು ಸೌಕರ್ಯವಲ್ಲ, ಅಗತ್ಯ. ಇಂಥ ನಾಲ್ಕು ಮರೆಗಳಿದ್ದು, ಒಬ್ಬೊಬ್ಬರಿಗೆ ಎಂಟು ನಿಮಿಷ ಹಿಡಿದರೆ 50 ಜನರ ಜಳಕ ಎರಡು ತಾಸಿನೊಳಗೆ ಮುಗಿಯುತ್ತದೆ. ಒಂದೇ ಬಚ್ಚಲಾದರೆ ಆರೂವರೆ ತಾಸು ಬೇಕು. ಎಷ್ಟೇ ದುಬಾರಿ ಶವರ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ.

‘ಶಿಬಿರಕ್ಕೆ ಹೋಗೋದು ಕಷ್ಟ ಕಲಿಯಾಕ, ಬಿಸಿನೀರಿನ ಜಳಕಕ್ಕಲ್ಲ’ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ತಣ್ಣೀರು ಮಿಂದು ಹುಮ್ಮಸ್ಸಿನಿಂದ ಓಡಾಡುವವರನ್ನು ಯಾರೂ ತಡೆಯಬೇಕಿಲ್ಲ. ಆದರೆ ಕಷ್ಟ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತದೆಯೇ? ಹುಡುಗರು ಬೋರ್‌ವೆಲ್ ಮುಂದೆ ಚಡ್ಡಿಯಲ್ಲಿ ನಿಂತು ಐದು ನಿಮಿಷದಲ್ಲಿ ಮುಗಿಸುತ್ತಾರೆ. ಹುಡುಗಿಯರಿಗೆ, ಉಬ್ಬಸ ಇರುವವರಿಗೆ, ಜ್ವರದಿಂದ ಆಗಷ್ಟೇ ಎದ್ದವರಿಗೆ ಆ ದಾರಿ ಇಲ್ಲ. ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 1969ರಲ್ಲಿ, ಶುರುವಾದ ಎನ್‌ಎಸ್‌ಎಸ್‌ನ ಧ್ಯೇಯವಾಕ್ಯವೇ ‘ನನಗಲ್ಲ, ನಿನಗೆ’. ಊರವರಿಗೆ ಶೌಚಾಲಯ, ಸ್ವಚ್ಛತೆ ಎಂದು ಜಾಥಾ ಮಾಡುವ ನಾವು, ನಮ್ಮದೇ ತಂಡದ ಅರ್ಧ ಜನಕ್ಕೆ ಬಚ್ಚಲ ಮರೆ ಕಟ್ಟದೆ ಹೋದರೆ ಆ ಘೋಷಣೆಗೆ ಏನು ಬೆಲೆ?

ಪ್ರವಾಸಕ್ಕೆ ಹೋಗುವ ಗೆಳೆಯರಿಗೂ ಎರಡು ಮಾತು. ‘ಹೊಳಿ ಐತಲ್ಲ, ಶವರ್ ಯಾಕ?’ ಎಂದು ಚೌಡದಾನಪುರದ ಬಳಿಯೋ ಇನ್ನೆಲ್ಲೋ ತುಂಗಭದ್ರೆಗೆ ಇಳಿಯುವ ಮುನ್ನ ಆ ಊರಿನವರನ್ನು ಕೇಳಿ. ಮರಳು ತೆಗೆದ ಗುಂಡಿ ಮೇಲಿನಿಂದ ಕಾಣುವುದಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಾಗಲಿ, ಕೊಡಚಾದ್ರಿಯ ಕಾಡಾಗಲಿ, ನೀರು ಕಾಯಿಸಲು ಒಲೆ ಹೂಡುವ ಜಾಗವಲ್ಲ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಹಳ್ಳದ ನೀರಿನಲ್ಲಿ ಸೋಪು, ಶಾಂಪೂ ಕಲಸಬೇಡಿ, ಕೆಳಗಿನ ಊರಿನವರು ಅದನ್ನೇ ಕುಡಿಯುತ್ತಿರಬಹುದು. ಕಾಡಿನಲ್ಲಿ ಒಂದು ರಾತ್ರಿ ಜಳಕವಿಲ್ಲದೆ ಕಳೆದರೆ ಯಾರಿಗೂ ನಷ್ಟವಿಲ್ಲ.

ಪೊಲೀಸ್ ಭರ್ತಿಯ ದೈಹಿಕ ಪರೀಕ್ಷೆಗೋ, ಇಂಟರ್‌ವ್ಯೂಗೋ ಹಿಂದಿನ ದಿನವೇ ಬೇರೆ ಊರಿಗೆ ಹೋಗಿ ಯಾರದೋ ರೂಮಿನಲ್ಲಿ ಉಳಿಯುವವರು ರಾಡ್ ಬಿಡಿ, ಸಣ್ಣ ಎಲೆಕ್ಟ್ರಿಕ್ ಕೆಟಲ್ ಒಯ್ಯಿರಿ. ಒಂದೂವರೆ ಲೀಟರ್ ಕುದಿನೀರಿಗೆ ನಾಲ್ಕೂವರೆ ಲೀಟರ್ ತಣ್ಣೀರು ಬೆರೆಸಿದರೆ ಆರು ಲೀಟರ್ ಬೆಚ್ಚಗಿನ ನೀರು. ಎರಡು ಸಲ ಕುದಿಸಿದರೆ ಜಳಕ ಆಯಿತು. ಕುದಿದ ಕೂಡಲೇ ತಾನೇ ಆರುವ, ಆ ರೂಮಿನ ಪ್ಲಗ್ಗಿಗೆ ಹೊಂದುವ ಕೆಟಲ್ ನೋಡಿ ಕೊಳ್ಳಿ. ಅದನ್ನು ಒಣ ಜಾಗದಲ್ಲಿಡಿ, ಬಚ್ಚಲಿಗೆ ಒಯ್ಯಬೇಡಿ.

ಈ ವರ್ಷದ ಶಿಬಿರದ ಊರು ಗೊತ್ತುಮಾಡಲು ನಿಮ್ಮ ಕಾರ್ಯಕ್ರಮಾಧಿಕಾರಿಗಳು ಹೊರಟಾಗ, ಇಬ್ಬರು ಹುಡುಗಿಯರೂ ಜೊತೆಗೆ ಹೋಗಲಿ. ಬಚ್ಚಲು ಎಲ್ಲಿ, ದಿನಕ್ಕೆ 750 ಲೀಟರ್ ನೀರು ಎಲ್ಲಿಂದ, ಬಳಸಿದ ನೀರು ಯಾವ ತೆಂಗಿನ ಬುಡಕ್ಕೆ, ಹಂಡೆ ಯಾರ ಮನೆಯಿಂದ ಎಂದು ಅವರು ಕೇಳಿ ಬರೆದುಕೊಂಡು ಬರಲಿ. ಆ ಚೀಟಿಯನ್ನು ನೋಟಿಸ್ ಬೋರ್ಡಿನಲ್ಲಿ ಶಿಬಿರಾರ್ಥಿಗಳ ಪಟ್ಟಿಯ ಪಕ್ಕದಲ್ಲೇ ಅಂಟಿಸಿ. ಪಟ್ಟಿಯಲ್ಲಿ ಎಷ್ಟು ಹೊಸ ಹೆಸರುಗಳು ಸೇರುತ್ತವೆ ನೋಡೋಣ.